ಸತ್ತವಳ ಬಗ್ಗೆ ಕೇಳುವ ಹಕ್ಕು ಯಾರಿಗಿದೆ? ಇರಾನಿ ಸಿನಿಮಾದ ನಿಗೂಢ ಸಾವುಗಳು ಮತ್ತು ಅವುಗಳ ಹಿಂದಿನ ಕಾನೂನು

ಇರಾನಿನ ನಿರ್ದೇಶಕ ಜಾಫರ್ ಪನಾಹಿ ಅವರು ದೇಶದ ಹೊರಗಿದ್ದಾಗಲೇ ಟೆಹ್ರಾನಿನ ನ್ಯಾಯಾಲಯವೊಂದು ಅವರಿಗೆ ಒಂದು ವರ್ಷದ ಸೆರೆವಾಸ ಮತ್ತು ಎರಡು ವರ್ಷಗಳ ಪ್ರಯಾಣ ನಿಷೇಧ ವಿಧಿಸಿದೆ ಎಂದು 2025ರ ಡಿಸೆಂಬರ್ 1ರಂದು ಅವರ ವಕೀಲರು ತಿಳಿಸಿದರು. ವ್ಯವಸ್ಥೆಯ ವಿರುದ್ಧ ಪ್ರಚಾರ ನಡೆಸಿದರೆಂಬುದು ಆರೋಪ. ಅದೇ ವರ್ಷದ ಮೇ ತಿಂಗಳಲ್ಲಿ ಕಾನ್ ಚಿತ್ರೋತ್ಸವದ ಅತ್ಯುನ್ನತ ಪ್ರಶಸ್ತಿಯಾದ ಪಾಮ್ ದೋರ್ ಪಡೆದಿದ್ದ ಅವರ ‘ಇಟ್ ವಾಸ್ ಜಸ್ಟ್ ಆ್ಯನ್ ಆಕ್ಸಿಡೆಂಟ್’ ಚಿತ್ರವನ್ನು ಆಸ್ಕರ್ ಸ್ಪರ್ಧೆಗೆ ಕಳುಹಿಸಿದ್ದು ಫ್ರಾನ್ಸ್. ಇರಾನ್ ಅಧಿಕೃತವಾಗಿ ಕಳುಹಿಸಿದ್ದು ‘ಕಾಸ್ ಆಫ್ ಡೆತ್: ಅನ್‌ನೋನ್’ ಎಂಬ ಬೇರೊಂದು ಚಿತ್ರವನ್ನು. ಮರುಭೂಮಿಯನ್ನು ದಾಟುತ್ತಿರುವ ವ್ಯಾನಿನಲ್ಲಿ ಸಹಪ್ರಯಾಣಿಕನೊಬ್ಬ ಸತ್ತಿರುವುದು ತಿಳಿದಾಗ ಉಳಿದವರು ಏನು ಮಾಡುತ್ತಾರೆ ಎಂಬುದು ಅದರ ಕಥೆ.

ಈ ಸುದ್ದಿಗಳನ್ನು ಒಟ್ಟಿಗೆ ಓದಿದವರಿಗೆ ಗೊಂದಲವಾಗುವುದು ಸಹಜ. ಪಾರ್ಸಿ ಭಾಷೆಯಲ್ಲಿ, ಇರಾನಿನ ನೆಲದಲ್ಲಿ, ಇರಾನಿ ನಟರನ್ನು ಇಟ್ಟುಕೊಂಡು ತೆಗೆದ ಚಿತ್ರ ಫ್ರಾನ್ಸಿನದು ಹೇಗಾಗುತ್ತದೆ? ಸರ್ಕಾರ ಒಪ್ಪಿದ ಚಿತ್ರ ಮತ್ತು ಒಪ್ಪದ ಚಿತ್ರಗಳೆರಡೂ ಅನುಮಾನ, ಮುಚ್ಚಿಟ್ಟ ಸತ್ಯ, ಬಿಡಿಸಲಾಗದ ಒಗಟುಗಳ ಸುತ್ತಲೇ ಏಕೆ ತಿರುಗುತ್ತವೆ? ಮಹಿಳೆಯೊಬ್ಬಳು ಹಠಾತ್ತಾಗಿ ಸತ್ತಾಗ ಅವಳ ಗೆಳತಿಯರು ಏನಾಯಿತೆಂದು ಹುಡುಕುವ ಕಥೆ ಬೇರೆಡೆ ಸಾಧಾರಣ ಪತ್ತೇದಾರಿ ಕಥೆಯಾಗಿ ಮುಗಿಯುವಾಗ, ಇರಾನಿನಲ್ಲಿ ಅದು ರಾಜಕೀಯದ ವಿಷಯವಾಗುವುದು ಏಕೆ? ಈ ಪ್ರಶ್ನೆಗಳಿಗೆ ಉತ್ತರ ಸಿನಿಮಾ ಕಾನೂನಿನಲ್ಲಿ ಸ್ವಲ್ಪ ಸಿಗುತ್ತದೆ. ಹೆಚ್ಚಿನದು ಸಿಗುವುದು ಸಾವಿನ ಬಗ್ಗೆ ಇರುವ ಕಾನೂನಿನಲ್ಲಿ.

ಎರಡು ಪರವಾನಗಿಗಳು

ಇರಾನಿನಲ್ಲಿ ಚಲನಚಿತ್ರವೊಂದು ತೆರೆ ಕಾಣಬೇಕಾದರೆ ಎರಡು ಅನುಮತಿಗಳು ಬೇಕು. ಮೊದಲನೆಯದು ‘ಪರ್ವಾನೆ-ಯೆ ಸಾಖ್ತ್’, ಅಂದರೆ ನಿರ್ಮಾಣದ ಪರವಾನಗಿ. ಎರಡನೆಯದು ‘ಪರ್ವಾನೆ-ಯೆ ನಮಾಯೆಶ್’, ಪ್ರದರ್ಶನದ ಪರವಾನಗಿ. (ನಮ್ಮ ‘ಪರವಾನಗಿ’ ಎಂಬ ಮಾತೂ ಈ ಪಾರ್ಸಿ ಮೂಲದಿಂದಲೇ ಬಂದದ್ದು.) ಜನ ‘ಎರ್ಶಾದ್’ ಎಂದು ಚಿಕ್ಕದಾಗಿ ಕರೆಯುವ ಸಂಸ್ಕೃತಿ ಮತ್ತು ಇಸ್ಲಾಮಿಕ್ ಮಾರ್ಗದರ್ಶನ ಸಚಿವಾಲಯದ ಅಧೀನದಲ್ಲಿರುವ ಸಿನಿಮಾ ಸಂಸ್ಥೆ ಇವೆರಡನ್ನೂ ಕೊಡುತ್ತದೆ. ಮೊದಲ ಪರವಾನಗಿ ಸಿಕ್ಕಿದ ಚಿತ್ರಕ್ಕೆ ಎರಡನೆಯದು ಸಿಕ್ಕೇ ಸಿಗುತ್ತದೆಂಬ ಭರವಸೆಯಿಲ್ಲದ ಕಾರಣ, ಹಣ ಹೂಡಿ ಮುಗಿಸಿದ ಚಿತ್ರಗಳು ವರ್ಷಗಟ್ಟಲೆ ಕಪಾಟಿನಲ್ಲಿ ಉಳಿದದ್ದುಂಟು.

ಈ ವ್ಯವಸ್ಥೆಯ ಅತ್ಯಂತ ಕಟ್ಟುನಿಟ್ಟಾದ ನಿಯಮ ಹೆಣ್ಣಿನ ಕೂದಲಿಗೆ ಸಂಬಂಧಿಸಿದ್ದು. 1979ರ ಕ್ರಾಂತಿಯ ನಂತರ, 1980ರ ದಶಕದ ಆರಂಭದಲ್ಲಿ, ಹಿಜಾಬ್ ಕಡ್ಡಾಯವಾಯಿತು. ತೆರೆಯ ಮೇಲೂ ಆಯಿತು. ಇದರ ಹಿಂದಿರುವ ತರ್ಕವನ್ನು ಗಮನಿಸಬೇಕು. ಕಥೆಯಲ್ಲಿ ಹೆಂಡತಿ ತನ್ನ ಗಂಡನೆದುರು, ತನ್ನ ಮಲಗುವ ಕೋಣೆಯಲ್ಲಿ ಇರಬಹುದು. ಆದರೆ ಅವಳನ್ನು ನೋಡುತ್ತಿರುವ ಪ್ರೇಕ್ಷಕ ನಟಿಗೆ ‘ನಾಮಹ್ರಮ್’, ಅಂದರೆ ಮುಸುಕಿಲ್ಲದೆ ಎದುರಾಗಬಾರದ ಪರಪುರುಷ. ಹಾಗಾಗಿ ಕಥೆಯೊಳಗಿನ ಮನೆ ಎಂದಿಗೂ ನಿಜವಾದ ಮನೆಯಾಗುವುದಿಲ್ಲ. ತೆರೆಯ ಮೇಲೆ ಹೆಂಗಸರು ತಲೆವಸ್ತ್ರ ಧರಿಸಿಯೇ ನಿದ್ದೆ ಮಾಡುತ್ತಾರೆ, ತಲೆವಸ್ತ್ರ ಧರಿಸಿಯೇ ಒಬ್ಬಂಟಿಯಾಗಿ ಅಡುಗೆ ಮಾಡುತ್ತಾರೆ. ತಾಯಿಯ ಪಾತ್ರ ಮಾಡಿದವಳು ಬೆಳೆದ ಮಗನ ಪಾತ್ರ ಮಾಡಿದವನನ್ನು ಅಪ್ಪಿಕೊಳ್ಳುವಂತಿಲ್ಲ, ಏಕೆಂದರೆ ನಟರಿಬ್ಬರೂ ರಕ್ತಸಂಬಂಧಿಗಳಲ್ಲ.

ಬೆಂಗಳೂರಿನ ಚಿತ್ರೋತ್ಸವದಲ್ಲಿ ಇರಾನಿ ಚಿತ್ರಗಳನ್ನು ನೋಡಿ ಮೆಚ್ಚುವ ನಮ್ಮ ಪ್ರೇಕ್ಷಕರಲ್ಲಿ ಅನೇಕರು, ಅಲ್ಲಿನ ಮಹಿಳೆಯರು ಮನೆಯೊಳಗೂ ಹೀಗೆಯೇ ಬದುಕುತ್ತಾರೆಂದು ನಂಬಲು ಇದೇ ಕಾರಣ. ಅಬ್ಬಾಸ್ ಕಿಯರೊಸ್ತಮಿ ಅವರಂತಹ ನಿರ್ದೇಶಕರು ಈ ಸುಳ್ಳನ್ನು ಹೇಳಬೇಕಾಗುತ್ತದೆಂದೇ ಮನೆಯೊಳಗಿನ ದೃಶ್ಯಗಳಿಂದ ದೂರ ಉಳಿದರು. ಪೂರ್ತಿಯಾಗಿ ಕಾರಿನೊಳಗೆ ನಡೆಯುವ ಅವರ 2002ರ ‘ಟೆನ್’ ಚಿತ್ರದಲ್ಲಿ ಪ್ರೇಮಭಂಗಗೊಂಡ ಹೆಣ್ಣುಮಗಳೊಬ್ಬಳು ತಲೆವಸ್ತ್ರ ಸರಿಸುತ್ತಾಳೆ. ಅದರಡಿ ಇರುವುದು ಬೋಳಿಸಿದ ತಲೆ. ದುಃಖವನ್ನು ತೋರಿಸಲು ನಿಯಮ ಬಿಟ್ಟಿದ್ದ ಜಾಗ ಅಷ್ಟೇ ಎಂಬುದನ್ನು ಆ ಒಂದು ದೃಶ್ಯ ಹೇಳುವಷ್ಟು ಸ್ಪಷ್ಟವಾಗಿ ಯಾವ ವಿವರಣೆಯೂ ಹೇಳಲಾರದು.

ಈಗ ಈ ನಿಯಮಗಳೊಡನೆ ಸಾವಿನ ಮನೆಯ ದೃಶ್ಯವೊಂದನ್ನು ಯೋಚಿಸೋಣ. ಗೆಳತಿ ಸತ್ತ ಸುದ್ದಿ ಕೇಳಿ ಹೆಂಗಸರು ಓಡಿ ಬರುತ್ತಾರೆ. ಅಳುವಾಗ ಕೂದಲು ಕೆದರುವಂತಿಲ್ಲ. ಕುಸಿದು ಬಿದ್ದವಳನ್ನು ಗೆಳತಿಯ ಗಂಡ ಕೈಹಿಡಿದು ಎಬ್ಬಿಸುವಂತಿಲ್ಲ. ದುಃಖದ ಮೈಭಾಷೆಯೇ ನಿಷಿದ್ಧವಾದಾಗ ಉಳಿಯುವುದು ಮಾತು, ಮೌನ, ಸುಳ್ಳು ಮತ್ತು ವಿಚಾರಣೆ. ಇರಾನಿ ಸಿನಿಮಾದಲ್ಲಿ ಶೋಕದ ಕಥೆಗಳು ನಿಗೂಢ ಕಥೆಗಳಾಗಿ ಮಾರ್ಪಡುವುದಕ್ಕೆ ಇದು ಒಂದು ಕಾರಣವೆಂದು ನನಗೆ ತೋರುತ್ತದೆ. ಆದರೆ ಇದೊಂದೇ ಕಾರಣವಾಗಿದ್ದರೆ ವಿಷಯ ಇಷ್ಟು ಗಂಭೀರವಾಗುತ್ತಿರಲಿಲ್ಲ.

‘ಎಲ್ಲಿ’ ಎಂಬ ಹೆಸರು

ಈ ಬಗೆಯ ಕಥೆಗೆ ಮಾದರಿಯಾಗಿ ನಿಂತಿರುವುದು ಅಸ್ಗರ್ ಫರ್ಹಾದಿ ಅವರ 2009ರ ‘ಅಬೌಟ್ ಎಲ್ಲಿ’. ಬರ್ಲಿನ್ ಚಿತ್ರೋತ್ಸವದಲ್ಲಿ ಅತ್ಯುತ್ತಮ ನಿರ್ದೇಶನಕ್ಕಾಗಿ ಬೆಳ್ಳಿ ಕರಡಿ ಪಡೆದ ಈ ಚಿತ್ರಕ್ಕೆ ಎರಡೂ ಪರವಾನಗಿಗಳಿದ್ದವು. ಟೆಹ್ರಾನಿನ ಮಧ್ಯಮವರ್ಗದ ಗೆಳೆಯರ ಗುಂಪೊಂದು ಮಕ್ಕಳೊಂದಿಗೆ ಕ್ಯಾಸ್ಪಿಯನ್ ಸಮುದ್ರದ ದಂಡೆಗೆ ರಜೆಗೆಂದು ಹೋಗುತ್ತದೆ. ಗುಂಪಿನ ಸೆಪಿದೆ ಎಂಬವಳು ತನ್ನ ಮಗಳ ಶಿಶುವಿಹಾರದ ಶಿಕ್ಷಕಿ ಎಲ್ಲಿಯನ್ನೂ ಒತ್ತಾಯಿಸಿ ಕರೆತಂದಿದ್ದಾಳೆ; ಜರ್ಮನಿಯಿಂದ ಬಂದಿರುವ, ವಿಚ್ಛೇದನ ಪಡೆದ ಅಹಮದ್‌ಗೆ ಅವಳನ್ನು ಪರಿಚಯಿಸುವುದು ಉದ್ದೇಶ. ಮರುದಿನ ಮಗುವೊಂದು ಸಮುದ್ರದಲ್ಲಿ ಮುಳುಗುತ್ತದೆ. ಗಂಡಸರು ಧುಮುಕಿ ಮಗುವನ್ನು ಬದುಕಿಸುತ್ತಾರೆ. ಮಕ್ಕಳನ್ನು ನೋಡಿಕೊಳ್ಳುತ್ತಿದ್ದ ಎಲ್ಲಿ ಮಾತ್ರ ಕಾಣುವುದಿಲ್ಲ. ಮಗುವನ್ನು ಉಳಿಸಲು ಹೋಗಿ ಮುಳುಗಿದಳೋ, ಹೇಳದೆ ಊರಿಗೆ ಹೊರಟುಹೋದಳೋ ಯಾರಿಗೂ ತಿಳಿಯದು.

ಕನ್ನಡದ ಕಿವಿಗೆ ಆ ಹೆಸರೇ ಪ್ರಶ್ನೆಯಾಗಿ ಕೇಳಿಸುತ್ತದೆ. ಪಾರ್ಸಿಯಲ್ಲಿ ಹಾಗಲ್ಲದಿದ್ದರೂ, ಚಿತ್ರದೊಳಗೆ ಹೆಸರು ನಿಜಕ್ಕೂ ಒಗಟಾಗುತ್ತದೆ: ‘ಎಲ್ಲಿ’ ಎಂಬುದು ಯಾವ ಹೆಸರಿನ ಮೊಟಕು ರೂಪವೆಂದು ಕೂಡ ಜೊತೆಯಲ್ಲಿ ಉಂಡು ಆಡಿದವರಿಗೆ ಗೊತ್ತಿಲ್ಲ. ಪೊಲೀಸರಿಗೆ ಹೇಳಬೇಕಾದಾಗ ಅವಳ ಪೂರ್ಣ ಹೆಸರೂ ಇಲ್ಲ. ಮನೆ ಬಾಡಿಗೆಗೆ ಪಡೆಯುವಾಗ ಅನುಕೂಲವಾಗಲೆಂದು ಎಲ್ಲಿ ಮತ್ತು ಅಹಮದ್ ಹೊಸದಾಗಿ ಮದುವೆಯಾದವರೆಂದು ಮನೆಯಾಕೆಗೆ ಸುಳ್ಳು ಹೇಳಿಯಾಗಿದೆ. ನಗುನಗುತ್ತಾ ಹೇಳಿದ ಆ ಸುಳ್ಳು ಎಲ್ಲಿ ಕಾಣೆಯಾದ ಮೇಲೆ ಭಯವಾಗಿ ಬದಲಾಗುತ್ತದೆ. ಅವಿವಾಹಿತ ಹೆಣ್ಣೊಬ್ಬಳು ಪರಪುರುಷನೊಂದಿಗೆ ಪ್ರವಾಸ ಬಂದಿದ್ದಳೆಂಬುದನ್ನು ಪೊಲೀಸರಿಗೆ ಹೇಗೆ ವಿವರಿಸುವುದು?

ಆಮೇಲೆ ತಿಳಿಯುವ ಸತ್ಯ ಇನ್ನೂ ಕಠಿಣ. ಎಲ್ಲಿಗೆ ನಿಶ್ಚಿತಾರ್ಥವಾಗಿತ್ತು. ಅವಳು ಅದನ್ನು ಮುರಿಯಲು ಬಯಸಿದ್ದಳು, ಅವನು ಒಪ್ಪಿರಲಿಲ್ಲ. ಇದು ಗೊತ್ತಿದ್ದವಳು ಸೆಪಿದೆ ಒಬ್ಬಳೇ. ಹುಡುಕಿಕೊಂಡು ಬಂದ ಆ ಗಂಡು ಅವಳ ಮುಂದೆ ಕುಳಿತು ಕೇಳುವುದು ಎಲ್ಲಿ ಹೇಗೆ ಸತ್ತಳೆಂದಲ್ಲ. ನೀನು ಆಹ್ವಾನಿಸಿದಾಗ ಅವಳು ತನಗೆ ನಿಶ್ಚಿತಾರ್ಥವಾಗಿದೆ, ಬರಲಾರೆ ಎಂದಳೇ ಇಲ್ಲವೇ ಎಂಬುದಷ್ಟೇ ಅವನಿಗೆ ಬೇಕು. ನಿಜ ಹೇಳಿದರೆ ಸತ್ತವಳ ಮಾನ ಉಳಿಯುತ್ತದೆ, ಬದುಕಿರುವ ಗೆಳೆಯರು ಅಪಾಯಕ್ಕೆ ಸಿಲುಕುತ್ತಾರೆ. ಗಂಡ ಮತ್ತು ಗೆಳೆಯರ ಒತ್ತಡಕ್ಕೆ ಮಣಿದ ಸೆಪಿದೆ ಸುಳ್ಳು ಹೇಳುತ್ತಾಳೆ. ಎಲ್ಲಿಯ ದೇಹ ಸಮುದ್ರದಲ್ಲಿ ಹೋಯಿತು; ಅವಳ ಹೆಸರು ಈ ಮೇಜಿನ ಮುಂದೆ ಹೋಗುತ್ತದೆ.

ಚಿತ್ರದಲ್ಲಿ ಸರ್ಕಾರದ ಬಗ್ಗೆ ಒಂದು ಮಾತೂ ಇಲ್ಲ. ಆದರೂ ಪ್ರತಿಯೊಂದು ಸುಳ್ಳಿಗೂ ಕಾರಣವಾಗಿರುವುದು ಕಾನೂನಿನ ಮತ್ತು ಮರ್ಯಾದೆಯ ಭಯ. ಪರವಾನಗಿ ಕೊಟ್ಟ ಅಧಿಕಾರಿಗಳಿಗೆ ಅದರಲ್ಲಿ ಗೆಳೆಯರ ನಡುವಿನ ನೈತಿಕ ಸಂಕಟ ಮಾತ್ರ ಕಂಡಿರಬಹುದು. ಇರಾನಿ ಪ್ರೇಕ್ಷಕರಿಗೆ ತಾವು ದಿನವೂ ಹೇಳುವ ಸುಳ್ಳುಗಳ ಮೂಲ ಕಂಡಿತು.

ಗೆಳತಿಗೆ ಕಾನೂನಿನಲ್ಲಿ ಸ್ಥಾನವಿಲ್ಲ

ಇರಾನಿನ ಇಸ್ಲಾಮಿಕ್ ದಂಡಸಂಹಿತೆಯಲ್ಲಿ ಕೊಲೆಯೆಂಬುದು ಬಹುಮಟ್ಟಿಗೆ ಸತ್ತವರ ಕುಟುಂಬಕ್ಕೆ ಸೇರಿದ ವ್ಯಾಜ್ಯ. ಶಿಕ್ಷೆ ಕೇಳುವ, ಕ್ಷಮಿಸುವ ಅಥವಾ ‘ದಿಯೆ’ ಎಂಬ ರಕ್ತಪರಿಹಾರ ಪಡೆಯುವ ಹಕ್ಕು ‘ವಲಿ-ಯೆ ದಮ್’ಗೆ ಸೇರಿದ್ದು, ಇದನ್ನು ರಕ್ತದ ವಾರಸುದಾರರು ಎಂದು ಅರ್ಥಮಾಡಿಕೊಳ್ಳಬಹುದು. 2013ರಲ್ಲಿ ಜಾರಿಗೆ ಬಂದ ಸಂಹಿತೆಯ 351ನೇ ವಿಧಿಯ ಪ್ರಕಾರ ಇವರು ಸತ್ತವರ ಉತ್ತರಾಧಿಕಾರಿಗಳು, ಗಂಡ ಅಥವಾ ಹೆಂಡತಿಯನ್ನು ಬಿಟ್ಟು. ಹೆಣ್ಣಿನ ದಿಯೆ ಗಂಡಿನದರ ಅರ್ಧವೆಂದು ಅದೇ ಸಂಹಿತೆ ಹೇಳುತ್ತದೆ. ಉಳಿದ ಅರ್ಧವನ್ನು ಸರ್ಕಾರಿ ನಿಧಿಯಿಂದ ತುಂಬಿಕೊಡುವ ವ್ಯವಸ್ಥೆ ಈಚಿನದು. 301ನೇ ವಿಧಿಯ ಪ್ರಕಾರ ಮಗುವನ್ನು ಕೊಂದವನು ತಂದೆ ಅಥವಾ ತಂದೆಯ ಕಡೆಯ ಅಜ್ಜನಾಗಿದ್ದರೆ ಅವನಿಗೆ ಪ್ರಾಣಕ್ಕೆ ಪ್ರಾಣವೆಂಬ ಶಿಕ್ಷೆಯಿಲ್ಲ.

ಈ ವಿಧಿಗಳನ್ನು ಒಟ್ಟಿಗೆ ಇಟ್ಟು ನೋಡಿದರೆ ಒಂದು ಪರಿಣಾಮ ಸ್ಪಷ್ಟವಾಗುತ್ತದೆ. ಹೆಣ್ಣೊಬ್ಬಳು ಮನೆಯೊಳಗೆ ಹಠಾತ್ತಾಗಿ ಸತ್ತಾಗ, ಅವಳ ಸಾವಿನ ಬಗ್ಗೆ ಕೇಳುವ ಹಕ್ಕು ಯಾರಿಗಿದೆಯೋ ಅನುಮಾನವೂ ಕೆಲವೊಮ್ಮೆ ಅವರ ಮೇಲೆಯೇ ಇರುತ್ತದೆ. 2020ರಲ್ಲಿ ಕ್ಯಾಸ್ಪಿಯನ್ ದಂಡೆಯ ಗೀಲಾನ್ ಪ್ರಾಂತ್ಯದಲ್ಲಿ 14 ವರ್ಷದ ಬಾಲಕಿಯನ್ನು ತಂದೆಯೇ ಕೊಂದಾಗ ಅವನಿಗಾದ ಶಿಕ್ಷೆ ಒಂಬತ್ತು ವರ್ಷಗಳ ಸೆರೆವಾಸ. ದೇಶದಾದ್ಯಂತ ಎದ್ದ ಆಕ್ರೋಶಕ್ಕೆ ಕಾರಣವಾದದ್ದು ಕೊಲೆಯ ಜೊತೆಗೆ ಈ ಕಾನೂನು ಕೂಡ.

ಇಂಥ ಕಡೆ ಗೆಳತಿಯ ಸ್ಥಾನವೇನು? ಅವಳಿಗೆ ಸತ್ತವಳ ಗುಟ್ಟುಗಳು ಗೊತ್ತಿರುತ್ತವೆ. ಕೊನೆಯ ಫೋನ್ ಕರೆ ಬಂದದ್ದು ಅವಳಿಗೆ. ಮನೆಯವರು ಹೇಳುವ ಕಥೆಯಲ್ಲಿ ಎಲ್ಲಿ ಬಿರುಕಿದೆಯೆಂದು ಕಾಣುವುದೂ ಅವಳಿಗೇ. ಆದರೆ ಅವಳು ವಾರಸುದಾರಳಲ್ಲ. ಪ್ರಶ್ನೆ ಕೇಳಿದರೆ ಬೇರೆಯವರ ಮನೆಯ ಮಾನಕ್ಕೆ ಕೈಹಾಕಿದವಳಾಗುತ್ತಾಳೆ. ತನಗೆ ಹೇಗೆ ಗೊತ್ತೆಂದು ವಿವರಿಸಹೊರಟರೆ ಸತ್ತವಳ ಮತ್ತು ತನ್ನ ಖಾಸಗಿ ಬದುಕನ್ನು ತೆರೆದಿಡಬೇಕಾಗುತ್ತದೆ, ಆ ಬದುಕಿನ ಕೆಲವು ಭಾಗಗಳು ಕಾನೂನಿನ ಕಣ್ಣಿಗೆ ಅಪರಾಧವಾಗಿರಬಹುದು. ಪತ್ತೇದಾರಿ ಕಥೆಗೆ ಬೇಕಾದುದೆಲ್ಲವೂ ಇಲ್ಲಿ ತಾನಾಗಿ ಒದಗುತ್ತದೆ: ತಿಳಿದವಳಿಗೆ ಅಧಿಕಾರವಿಲ್ಲ, ಅಧಿಕಾರವಿರುವವನಿಗೆ ತಿಳಿಯುವ ಇಚ್ಛೆಯಿಲ್ಲ, ಸತ್ಯ ಹೇಳಿದವರಿಗೇ ದಂಡ. ನಿಗೂಢತೆಯನ್ನು ಈ ನಿರ್ದೇಶಕರು ಎಲ್ಲಿಂದಲೋ ಎರವಲು ತರಬೇಕಾಗಿಲ್ಲ.

ಮನೆಯ ಸಾವಿನಿಂದ ಬೀದಿಯ ಸಾವಿಗೆ

2022ರ ಸೆಪ್ಟೆಂಬರ್ 13ರಂದು ಕುರ್ದಿಸ್ತಾನದ ಸಕ್ಕೇಜ್ ಊರಿನ 22 ವರ್ಷದ ಮಹ್ಸಾ (ಜೀನಾ) ಅಮೀನಿಯನ್ನು ಟೆಹ್ರಾನಿನಲ್ಲಿ ನೈತಿಕತೆಯ ಗಸ್ತುಪಡೆ ಹಿಜಾಬ್ ಕಾರಣಕ್ಕೆ ಬಂಧಿಸಿತು. ಮೂರು ದಿನಗಳ ನಂತರ ಆಕೆ ಆಸ್ಪತ್ರೆಯಲ್ಲಿ ತೀರಿಕೊಂಡಳು. ಬಾಲ್ಯದಲ್ಲಿ ನಡೆದ ಮೆದುಳಿನ ಶಸ್ತ್ರಚಿಕಿತ್ಸೆಯ ಹಿನ್ನೆಲೆಯ ಅನಾರೋಗ್ಯವೇ ಕಾರಣ, ಪೆಟ್ಟುಗಳಲ್ಲ ಎಂದು ಸರ್ಕಾರಿ ವೈದ್ಯಕೀಯ ಸಂಸ್ಥೆ ಅಕ್ಟೋಬರ್‌ನಲ್ಲಿ ವರದಿ ಕೊಟ್ಟಿತು. ಮಗಳು ಆರೋಗ್ಯವಾಗಿದ್ದಳೆಂದು ಕುಟುಂಬ ಹೇಳಿತು. ಬಂಧನದಲ್ಲಿ ನಡೆದ ದೈಹಿಕ ಹಿಂಸೆಯೇ ಸಾವಿಗೆ ದಾರಿಯಾಯಿತು, ಅದಕ್ಕೆ ಪ್ರಭುತ್ವ ಹೊಣೆ ಎಂದು ವಿಶ್ವಸಂಸ್ಥೆಯ ಸತ್ಯಶೋಧನಾ ಸಮಿತಿ 2024ರ ಮಾರ್ಚ್‌ನಲ್ಲಿ ತೀರ್ಮಾನಕ್ಕೆ ಬಂದಿತು.

ಮಹ್ಸಾ ಸತ್ತ 2022ರಲ್ಲಿಯೇ ಪ್ರತಿಭಟನೆಗೆ ಹೋಗಿ ಕಾಣೆಯಾದ 16 ವರ್ಷದ ನಿಕಾ ಶಾಕರಮಿ ಕಟ್ಟಡದಿಂದ ಬಿದ್ದು ಸತ್ತಳೆಂದು ಅಧಿಕಾರಿಗಳು ಹೇಳಿದರೆ, ತಾಯಿ ಅದನ್ನು ಒಪ್ಪಲಿಲ್ಲ. 2023ರ ಅಕ್ಟೋಬರ್‌ನಲ್ಲಿ ಟೆಹ್ರಾನಿನ ಮೆಟ್ರೋ ಬೋಗಿಯಲ್ಲಿ ಕುಸಿದ ಅರ್ಮಿತಾ ಗೆರಾವಂದ್ ವಾರಗಟ್ಟಲೆ ಪ್ರಜ್ಞೆಯಿಲ್ಲದೆ ಮಲಗಿ ತೀರಿಕೊಂಡಾಗಲೂ ರಕ್ತದೊತ್ತಡದ ಕಥೆ ಒಂದೆಡೆ, ಹಿಜಾಬ್ ಕಾವಲಿನವರು ತಳ್ಳಿದರೆಂಬ ಕಥೆ ಇನ್ನೊಂದೆಡೆ ನಿಂತವು. ಆ ಬೋಗಿಯಲ್ಲಿ ಅವಳ ಜೊತೆಗಿದ್ದವರು ಅವಳ ಗೆಳತಿಯರು.

ಇಷ್ಟಾದ ಮೇಲೆ ಸಾವಿನ ಕಾರಣ ಎಂಬ ವೈದ್ಯಕೀಯ ಪದಕ್ಕೆ ಇರಾನಿನಲ್ಲಿ ಬೇರೆಯದೇ ತೂಕ ಬಂದಿತು. ಮಹ್ಸಾ ಸಾವಿನ ಬಗ್ಗೆ ಮೊದಲು ಬರೆದವರು ಇಬ್ಬರು ಪತ್ರಕರ್ತೆಯರು. ಆಸ್ಪತ್ರೆಯಲ್ಲಿ ಅಪ್ಪಿಕೊಂಡು ನಿಂತ ಕುಟುಂಬದವರ ಚಿತ್ರ ಹಂಚಿದವರು ‘ಶರ್ಘ್’ ಪತ್ರಿಕೆಯ ನಿಲೂಫರ್ ಹಮೇದಿ; ಸಕ್ಕೇಜ್‌ನ ಅಂತ್ಯಕ್ರಿಯೆಯನ್ನು ವರದಿ ಮಾಡಿದವರು ‘ಹಮ್ ಮಿಹನ್’ ಪತ್ರಿಕೆಯ ಇಲಾಹೆ ಮೊಹಮ್ಮದಿ. ಇಬ್ಬರೂ ಬಂಧನಕ್ಕೊಳಗಾಗಿ, 2023ರಲ್ಲಿ ದೀರ್ಘ ಸೆರೆವಾಸದ ತೀರ್ಪು ಕೇಳಿ, 2024ರ ಜನವರಿಯಲ್ಲಿ ಜಾಮೀನಿನ ಮೇಲೆ ಹೊರಬಂದರು. 2025ರಲ್ಲಿ ಅವರಿಗೆ ಕ್ಷಮಾದಾನ ಸಿಕ್ಕಿತು. ವಾರಸುದಾರರಲ್ಲದವರು ಸಾವಿನ ಬಗ್ಗೆ ಕೇಳಿದರೆ ಏನಾಗುತ್ತದೆಂದು ದೇಶ ನೋಡಿತು.

ಪ್ರಭುತ್ವ ಶೋಕಕ್ಕೆ ಹೆದರುವುದಕ್ಕೆ ಇತಿಹಾಸದ ಕಾರಣವೂ ಇದೆ. ಶಿಯಾ ಸಂಪ್ರದಾಯದಲ್ಲಿ ಸತ್ತ ನಲವತ್ತನೆಯ ದಿನಕ್ಕೆ, ‘ಚೆಹೆಲೋಮ್’ಗೆ, ವಿಶೇಷ ಮಹತ್ವವಿದೆ. 1978ರ ಜನವರಿಯಲ್ಲಿ ಕೋಮ್ ನಗರದ ಪ್ರತಿಭಟನೆಯಲ್ಲಿ ಸತ್ತವರ ನಲವತ್ತಕ್ಕೆ ಫೆಬ್ರವರಿ 18ರಂದು ತಬ್ರೀಜ್ ಎದ್ದಿತು. ಅಲ್ಲಿ ಸತ್ತವರ ನಲವತ್ತಕ್ಕೆ ಇತರ ನಗರಗಳು ಎದ್ದವು. ಹೀಗೆ ಒಂದು ಶೋಕ ಇನ್ನೊಂದಕ್ಕೆ ಕೊಂಡಿಯಾಗಿ ಶಾ ಆಡಳಿತ ಉರುಳಿತು. ನಲವತ್ತನೆಯ ದಿನಗಳ ಸರಪಳಿಯಿಂದ ಹುಟ್ಟಿದ ಆಡಳಿತಕ್ಕೆ ಆ ಸರಪಳಿಯ ಬಲ ಚೆನ್ನಾಗಿ ಗೊತ್ತು. 2022ರ ಅಕ್ಟೋಬರ್ 26ರಂದು, ಮಹ್ಸಾಳ ನಲವತ್ತನೆಯ ದಿನ, ರಸ್ತೆಗಳನ್ನು ತಡೆದರೂ ಸಾವಿರಾರು ಜನ ಹೊಲಗದ್ದೆಗಳ ನಡುವೆ ನಡೆದು ಆಕೆಯ ಸಮಾಧಿಯಿರುವ ಆಯ್ಚಿ ಸ್ಮಶಾನ ಸೇರಿದರು.

ಆ ದಿನಗಳಲ್ಲಿ ಹೆಂಗಸರು ಬೀದಿಯಲ್ಲಿ ಕೂದಲು ಕತ್ತರಿಸಿಕೊಂಡದ್ದನ್ನು ಜಗತ್ತು ಹೊಸ ಬಗೆಯ ಪ್ರತಿಭಟನೆಯೆಂದು ನೋಡಿತು. ಅದು ಹಳೆಯ ಶೋಕಾಚಾರ. ಪಾರ್ಸಿಯ ಮಹಾಕಾವ್ಯ ‘ಶಾಹ್‌ನಾಮೆ’ಯಲ್ಲಿ ರಾಜಕುಮಾರ ಸಿಯಾವುಷ್ ಕೊಲೆಯಾದಾಗ ಹೆಂಡತಿ ಫರಂಗೀಸ್ ತನ್ನ ಜಡೆ ಕತ್ತರಿಸಿ ಸೊಂಟಕ್ಕೆ ಕಟ್ಟಿಕೊಳ್ಳುತ್ತಾಳೆ. 2022ರ ಡಿಸೆಂಬರ್‌ನಲ್ಲಿ ತಿರುವನಂತಪುರದ ಕೇರಳ ಅಂತರರಾಷ್ಟ್ರೀಯ ಚಿತ್ರೋತ್ಸವ ಇರಾನಿನ ನಿರ್ದೇಶಕಿ ಮಹ್ನಾಜ್ ಮೊಹಮ್ಮದಿ ಅವರಿಗೆ ಪ್ರಶಸ್ತಿ ಕೊಟ್ಟಾಗ, ಬರಲಾಗದ ಅವರು ಗ್ರೀಸಿನ ನಿರ್ದೇಶಕಿಯೊಬ್ಬರ ಕೈಯಲ್ಲಿ ತಮ್ಮ ಕತ್ತರಿಸಿದ ಕೂದಲನ್ನು ಕಳುಹಿಸಿದರು. ವೇದಿಕೆಯ ಮೇಲೆ ಎತ್ತಿಹಿಡಿದ ಆ ಕೂದಲಿನ ಎಳೆಗಳಲ್ಲಿ ಫರಂಗೀಸಳ ಶೋಕವೂ ಇತ್ತೆಂದು ತಿಳಿದವರು ಸಭೆಯಲ್ಲಿ ಕೆಲವರಾದರೂ ಇದ್ದಿರಬೇಕು.

ಪರವಾನಗಿಯಿಲ್ಲದ ಮನೆಗಳು

2022ರ ನಂತರ ಬಂದ ಹಲವು ಚಿತ್ರಗಳು ಪರವಾನಗಿಯನ್ನೇ ಕೇಳಲಿಲ್ಲ. ಗುಟ್ಟಾಗಿ ಚಿತ್ರೀಕರಣವಾದ, ಮೊಹಮ್ಮದ್ ರಸೂಲೋಫ್ ಅವರ ‘ದಿ ಸೀಡ್ ಆಫ್ ದಿ ಸೇಕ್ರೆಡ್ ಫಿಗ್’ (2024) ಚಿತ್ರದಲ್ಲಿ ತನಿಖಾ ನ್ಯಾಯಾಧೀಶನೊಬ್ಬನ ಮನೆಗೆ ಅವನ ಮಗಳ ಗೆಳತಿ, ಮುಖಕ್ಕೆ ಛರ್ರೆಗುಂಡುಗಳು ಹೊಕ್ಕ ಸ್ಥಿತಿಯಲ್ಲಿ ಬರುತ್ತಾಳೆ. ಪ್ರಭುತ್ವವನ್ನು ನಂಬುವ ತಾಯಿಯೇ ಚಿಮಟ ಹಿಡಿದು ಒಂದೊಂದೇ ಗುಂಡನ್ನು ಕೀಳುತ್ತಾಳೆ. ಕ್ಯಾಮೆರಾ ಆ ಮುಖದಿಂದ ಕದಲುವುದಿಲ್ಲ. ಮನೆಯೊಳಗೆ ಮೂವರು ಹೆಂಗಸರೂ ತಲೆವಸ್ತ್ರವಿಲ್ಲದೆ ಇದ್ದಾರೆ. ಅನೇಕ ದಶಕಗಳ ನಂತರ ಮನೆಯು ಮನೆಯಂತೆ ಕಾಣುತ್ತದೆ.

ಮರಿಯಮ್ ಮೊಘದ್ದಮ್ ಮತ್ತು ಬೆಹ್ತಾಶ್ ಸನಾಯೀಹಾ ದಂಪತಿಯ ‘ಮೈ ಫೇವರಿಟ್ ಕೇಕ್’ (2024) ಇನ್ನೂ ಮೆಲುದನಿಯದು. ಎಪ್ಪತ್ತು ವರ್ಷದ ವಿಧವೆ ಮಹೀನ್ ತನ್ನಂತೆಯೇ ಒಂಟಿಯಾದ ಟ್ಯಾಕ್ಸಿ ಚಾಲಕನೊಬ್ಬನನ್ನು ಮನೆಗೆ ಕರೆತರುತ್ತಾಳೆ. ಇಬ್ಬರೂ ಹಾಡುತ್ತಾರೆ, ಕುಣಿಯುತ್ತಾರೆ, ವೈನ್ ಕುಡಿಯುತ್ತಾರೆ. ಅವಳು ಕೇಕ್ ಮಾಡುತ್ತಾಳೆ. ಅದೇ ರಾತ್ರಿ ಆತ ಹಠಾತ್ತಾಗಿ ಸಾಯುತ್ತಾನೆ. ಪರಪುರುಷನ ಶವ ತನ್ನ ಮನೆಯಲ್ಲಿ ಏಕಿದೆಯೆಂದು ಯಾರಿಗೆ ಹೇಳುವುದು? ಅವಳು ಆತನನ್ನು ತನ್ನ ತೋಟದಲ್ಲಿಯೇ ಹೂಳುತ್ತಾಳೆ. ಕೊಲೆಯೂ ಇಲ್ಲ, ಕೊಲೆಗಾರನೂ ಇಲ್ಲ. ಆದರೂ ಮುಚ್ಚಿಟ್ಟ ಶವವಿದೆ. ಸಹಜ ಸಾವನ್ನೂ ರಹಸ್ಯವಾಗಿಸುವ ಕಾನೂನಿನ ಬಗ್ಗೆ ಇದಕ್ಕಿಂತ ನೇರವಾಗಿ ಹೇಳಿದ ಚಿತ್ರ ನನಗೆ ತಿಳಿದಂತೆ ಇನ್ನೊಂದಿಲ್ಲ. ಪಾಸ್‌ಪೋರ್ಟ್ ಮುಟ್ಟುಗೋಲಾದ ಕಾರಣ ನಿರ್ದೇಶಕರಿಗೆ ಬರ್ಲಿನ್ ಚಿತ್ರೋತ್ಸವಕ್ಕೆ ಹೋಗಲಾಗಲಿಲ್ಲ; 2025ರಲ್ಲಿ ಅವರಿಗೆ ಅಮಾನತಿನಲ್ಲಿಟ್ಟ ಸೆರೆವಾಸದ ಶಿಕ್ಷೆಯೂ ದಂಡವೂ ಬಿದ್ದವು.

ಯಾರ ವಾದವೇನು

ಸರ್ಕಾರದ ವಾದ ಸರಳ. ಸಿನಿಮಾ ಸಾರ್ವಜನಿಕ ಮಾಧ್ಯಮ, ಅದಕ್ಕೆ ಕಾನೂನಿದೆ, ಅದನ್ನು ಮುರಿದವರು ಅಪರಾಧಿಗಳು. ದೇಶದ ಕತ್ತಲೆಯನ್ನಷ್ಟೇ ತೋರಿಸಿ ವಿದೇಶದಲ್ಲಿ ಪ್ರಶಸ್ತಿ ಗಳಿಸುವುದು ‘ಸಿಯಾಹ್‌ನಮಾಯಿ’, ಅಂದರೆ ಎಲ್ಲವನ್ನೂ ಕಪ್ಪಾಗಿ ತೋರಿಸುವ ಚಾಳಿ. ಪಾಶ್ಚಾತ್ಯ ಚಿತ್ರೋತ್ಸವಗಳಿಗೆ ಇರಾನಿನಿಂದ ಒಂದು ಬಗೆಯ ಕಥೆಯೇ ಬೇಕಾಗಿದೆ ಎಂಬ ಮಾತಿನಲ್ಲಿ ಸ್ವಲ್ಪ ನಿಜವಿರಬಹುದು. ಆದರೆ ಅದೇ ದೇಶದ ಪ್ರೇಕ್ಷಕರಿಗೆ ಆ ಚಿತ್ರ ನೋಡಿ ತೀರ್ಪು ಕೊಡುವ ಅವಕಾಶವನ್ನು ತಪ್ಪಿಸಿದ ಮೇಲೆ ಈ ವಾದಕ್ಕೆ ನೈತಿಕ ಬಲ ಉಳಿಯುವುದಿಲ್ಲ.

ಹೆಚ್ಚು ಕಷ್ಟದ ಜಗಳ ನಡೆಯುತ್ತಿರುವುದು ಚಿತ್ರಕರ್ಮಿಗಳ ನಡುವೆಯೇ. ಸಯೀದ್ ರುಸ್ತಾಯಿ ಅವರ ‘ವುಮನ್ ಆ್ಯಂಡ್ ಚೈಲ್ಡ್’ 2025ರಲ್ಲಿ ಕಾನ್ ಸ್ಪರ್ಧೆಯಲ್ಲಿತ್ತು. ಮಗನನ್ನು ಹಠಾತ್ತಾಗಿ ಕಳೆದುಕೊಂಡ ವಿಧವೆ ದಾದಿಯೊಬ್ಬಳು ಹೊಣೆ ಯಾರದೆಂದು ಪಟ್ಟುಹಿಡಿದು ಹುಡುಕುವುದು ಅದರ ಕಥೆ. ಅದು ಪರವಾನಗಿ ಪಡೆದ ಚಿತ್ರ. ಮನೆಯೊಳಗೂ ನಾಯಕಿಯ ತಲೆಯ ಮೇಲೆ ವಸ್ತ್ರವಿದೆ. ಇಷ್ಟೆಲ್ಲ ಹೆಣ್ಣುಮಕ್ಕಳು ಪ್ರಾಣ ತೆತ್ತ ಮೇಲೆ ಅದೇ ಸುಳ್ಳನ್ನು ಮತ್ತೆ ತೋರಿಸುವುದು ಸರ್ಕಾರಕ್ಕೆ ನೆರವಾದಂತೆ ಎಂದು ದೇಶ ತೊರೆದ ಕೆಲವರು ಆಕ್ಷೇಪಿಸಿದರು. ಇದೇ ರುಸ್ತಾಯಿ ಹಿಂದಿನ ಚಿತ್ರವನ್ನು ಅನುಮತಿಯಿಲ್ಲದೆ ಕಾನ್‌ಗೆ ಒಯ್ದ ಕಾರಣಕ್ಕೆ 2023ರಲ್ಲಿ ಆರು ತಿಂಗಳ ಶಿಕ್ಷೆ ಪಡೆದವರು. ಪರವಾನಗಿಯ ಪರವಾಗಿರುವವರು ಹೇಳುವುದನ್ನೂ ಕೇಳಬೇಕು: ಸಕ್ಕೇಜ್‌ನ ಅಥವಾ ಇಸ್ಫಹಾನಿನ ಹೆಣ್ಣುಮಗಳೊಬ್ಬಳು ಅಕ್ಕಪಕ್ಕದವರ ಜೊತೆ ಚಿತ್ರಮಂದಿರದಲ್ಲಿ ಕುಳಿತು ನೋಡಬಲ್ಲದ್ದು ಈ ಚಿತ್ರಗಳನ್ನೇ, ಪ್ರಶಸ್ತಿ ಪಡೆದ ಚಿತ್ರ ಅವಳಿಗೆ ಸಿಗುವುದು ಕಳ್ಳ ಪ್ರತಿಯಾಗಿ, ಫೋನಿನ ಪರದೆಯಲ್ಲಿ.

ನನ್ನ ಮಟ್ಟಿಗೆ ಪರವಾನಗಿ ಪಡೆದವರನ್ನು ದ್ರೋಹಿಗಳೆನ್ನುವುದು ಅನ್ಯಾಯ. ‘ಅಬೌಟ್ ಎಲ್ಲಿ’ ಪರವಾನಗಿಯೊಳಗೇ ಹುಟ್ಟಿತು, ಆ ಮಿತಿಯನ್ನೇ ತನ್ನ ಶಿಲ್ಪವಾಗಿಸಿಕೊಂಡಿತು. ಆದರೆ 2009ರಲ್ಲಿ ಸಾಧ್ಯವಿದ್ದದ್ದು ಈಗ ಕಷ್ಟವಾಗಿದೆ ಎಂಬುದನ್ನೂ ಒಪ್ಪಬೇಕು. ಆಗ ತೆರೆಯ ಮೇಲಿನ ತಲೆವಸ್ತ್ರ ಬೀದಿಯ ತಲೆವಸ್ತ್ರಕ್ಕೆ ಹೊಂದುತ್ತಿತ್ತು, ಮನೆಯೊಳಗಿನ ಸುಳ್ಳು ಮಾತ್ರ ಸುಳ್ಳಾಗಿತ್ತು. ಇಂದು ಟೆಹ್ರಾನಿನ ಬೀದಿಗಳಲ್ಲಿ ಬಹಳಷ್ಟು ಹೆಂಗಸರು ತಲೆವಸ್ತ್ರವಿಲ್ಲದೆ ನಡೆಯುತ್ತಾರೆ. 2024ರ ಡಿಸೆಂಬರ್‌ನಲ್ಲಿ ಜಾರಿಯಾಗಬೇಕಿದ್ದ ಕಠಿಣ ಹಿಜಾಬ್ ಕಾನೂನನ್ನು ಸರ್ಕಾರವೇ ತಡೆಹಿಡಿಯಬೇಕಾಯಿತು. ಹಾಗಾಗಿ ಪರವಾನಗಿ ಪಡೆದ ಚಿತ್ರದಲ್ಲಿ ಈಗ ಬೀದಿಯೂ ಸುಳ್ಳಾಗಿದೆ.

ಮುಂದೆ ಆಗಬಹುದಾದದ್ದು

2025ರಲ್ಲಿದ್ದ ಆಸ್ಕರ್ ನಿಯಮದಂತೆ ಒಂದು ದೇಶದಿಂದ ಒಂದೇ ಚಿತ್ರ, ಅದೂ ಆ ದೇಶದ ಮಾನ್ಯತೆ ಪಡೆದ ಸಮಿತಿಯ ಮೂಲಕ ಹೋಗಬೇಕಿತ್ತು. ಇರಾನಿನಲ್ಲಿ ಆ ದಾರಿ ಸರ್ಕಾರಕ್ಕೆ ಹತ್ತಿರವಾದ ಫಾರಾಬಿ ಸಿನಿಮಾ ಪ್ರತಿಷ್ಠಾನದ ಮೂಲಕ ಹಾಯ್ದುಹೋಗುತ್ತದೆ. ಪರವಾನಗಿಯಿಲ್ಲದ ಚಿತ್ರಕ್ಕೆ ಆ ಬಾಗಿ‌ಲು ಮುಚ್ಚಿರುವುದರಿಂದ, ಸಹನಿರ್ಮಾಣದಲ್ಲಿ ಹಣ ಹೂಡಿದ ಐರೋಪ್ಯ ದೇಶವೇ ಅದನ್ನು ತನ್ನದೆಂದು ಕಳುಹಿಸುತ್ತದೆ. ರಸೂಲೋಫ್ ಚಿತ್ರವನ್ನು ಜರ್ಮನಿ, ಪನಾಹಿ ಚಿತ್ರವನ್ನು ಫ್ರಾನ್ಸ್ ಕಳುಹಿಸಿದ್ದು ಹೀಗೆ. ಈ ಏರ್ಪಾಡು ಮುಂದುವರಿದರೆ ಇರಾನಿ ಸಿನಿಮಾ ಎರಡಾಗಿ ಒಡೆಯುವುದು ಇನ್ನಷ್ಟು ಗಟ್ಟಿಯಾಗುತ್ತದೆ: ದೇಶದೊಳಗೆ ಹಾಸ್ಯಚಿತ್ರಗಳೇ ಗಲ್ಲಾಪೆಟ್ಟಿಗೆಯನ್ನು ತುಂಬಿದರೆ, ಗಂಭೀರ ಚಿತ್ರಗಳ ಹಣ, ಸಂಕಲನ ಮತ್ತು ಪ್ರೇಕ್ಷಕರೆಲ್ಲ ಹೊರಗಾಗುತ್ತಾರೆ. ಆಗ ಇರಾನಿನ ಸಾವುಗಳ ಬಗ್ಗೆ ಪ್ರಶ್ನೆ ಕೇಳುವ ಕಥೆಗಳು ಇರಾನಿಗರಲ್ಲದವರ ಮುಂದೆಯೇ ಹೆಚ್ಚಾಗಿ ಕೇಳಿಬರುವ ಅಪಾಯವಿದೆ.

ಬೆಲೆ ತೆರುವವರು ನಿರ್ದೇಶಕರಷ್ಟೇ ಅಲ್ಲ. ಎಂಟು ವರ್ಷಗಳ ಸೆರೆವಾಸ ಮತ್ತು ಛಡಿಯೇಟಿನ ಶಿಕ್ಷೆಗೊಳಗಾದ ರಸೂಲೋಫ್ 2024ರ ಮೇನಲ್ಲಿ ಗಡಿ ದಾಟಿ ಪಾರಾದರು. ಅವರ ಚಿತ್ರದಲ್ಲಿ ತಾಯಿಯಾಗಿ ನಟಿಸಿದ ಸೊಹೇಲಾ ಗೊಲೆಸ್ತಾನಿ ಇರಾನಿನಲ್ಲಿಯೇ ಉಳಿದರು; ಕಾನ್‌ನ ಕೆಂಪು ಹಾಸಿನ ಮೇಲೆ ರಸೂಲೋಫ್ ಆಕೆಯ ಭಾವಚಿತ್ರವನ್ನು ಕೈಯಲ್ಲಿ ಹಿಡಿದು ನಿಲ್ಲಬೇಕಾಯಿತು. ಗುಟ್ಟಿನ ಚಿತ್ರಗಳಲ್ಲಿ ಕೂದಲು ತೆರೆದು ನಟಿಸುವ ಹೆಣ್ಣುಮಕ್ಕಳ ಮುಖ ಎಲ್ಲರಿಗೂ ಕಾಣುತ್ತದೆ. ನಿರ್ದೇಶಕ ಕ್ಯಾಮೆರಾದ ಹಿಂದಿರುತ್ತಾನೆ.

‘ಅಬೌಟ್ ಎಲ್ಲಿ’ಯಲ್ಲಿ ಸೆಪಿದೆಯಾಗಿದ್ದ ಗೊಲ್ಶಿಫ್ತೆ ಫರಹಾನಿ ಆ ಚಿತ್ರದ ಕಾಲಕ್ಕೇ ದೇಶ ತೊರೆದು ಫ್ರಾನ್ಸ್‌ನಲ್ಲಿ ನೆಲೆಸಿದರು. ಎಲ್ಲಿಯಾಗಿದ್ದ ತರಾನೆ ಅಲಿದೂಸ್ತಿ ದೇಶದಲ್ಲಿಯೇ ಉಳಿದರು. 2022ರ ನವೆಂಬರ್‌ನಲ್ಲಿ ತಲೆವಸ್ತ್ರವಿಲ್ಲದೆ, ‘ಮಹಿಳೆ, ಜೀವನ, ಸ್ವಾತಂತ್ರ್ಯ’ ಎಂದು ಕುರ್ದಿ ಭಾಷೆಯಲ್ಲಿ ಬರೆದ ಕಾಗದ ಹಿಡಿದ ತಮ್ಮ ಚಿತ್ರವನ್ನು ಪ್ರಕಟಿಸಿದರು. ಮರುತಿಂಗಳು, ಪ್ರತಿಭಟನೆಯ ಪ್ರಕರಣದಲ್ಲಿ ಗಲ್ಲಿಗೇರಿದ ಮೊದಲ ಯುವಕನ ಸಾವನ್ನು ಖಂಡಿಸಿದ ಮೇಲೆ ಡಿಸೆಂಬರ್ 17ರಂದು ಅವರ ಬಂಧನವಾಯಿತು. ಆ ಯುವಕನಿಗೆ ಅವರು ತಾಯಿಯಲ್ಲ, ಅಕ್ಕನಲ್ಲ, ಗೆಳತಿಯೂ ಅಲ್ಲ. 2023ರ ಜನವರಿ 4ರಂದು ಜಾಮೀನಿನ ಮೇಲೆ ಎವಿನ್ ಸೆರೆಮನೆಯಿಂದ ಹೊರಬಂದಾಗ ಅವರ ಕೈಯಲ್ಲಿ ಗೆಳೆಯರು ತಂದ ಹೂಗುಚ್ಛವಿತ್ತು. ಎಲ್ಲಿಯ ಪಾತ್ರದಲ್ಲಿ ಒಮ್ಮೆಯೂ ತೆರೆಯಲಾಗದಿದ್ದ ಕೂದಲು ಆ ದಿನದ ಚಿತ್ರಗಳಲ್ಲಿ ತೆರೆದೇ ಇತ್ತು.